ಗೋಡೆ ಎದ್ದು ಓಡುತ್ತದೆಯೇ

ಮುಲ್ಗಾವೆಲ್‌ನ ಚಿನ್ನದ ಗಣಿ ಮುಚ್ಚಿ ಅರವತ್ತು ವರ್ಷವಾಯಿತು. ಮೂರೇ ವಾರದಲ್ಲಿ ಜನ ಗಂಟುಮೂಟೆ ಕಟ್ಟಿದರು. ತಗಡಿನ ಮನೆಗಳು, ಒಲೆಯ ಮೇಲಿನ ಕೆಟಲ್‌ಗಳು ಹಾಗೇ ಉಳಿದವು. ಅವನ್ನು ಕಾಯಲು ಒಂದು ಸಮಿತಿಯಿದೆ. ಅದರ ಫೋಟೊ ಕೆಲಸ ಇಪ್ಪತ್ತೆರಡು ವರ್ಷದಿಂದ ಮಫಾಲ್ಡಾಳದು.

ಧೂಳು ಹೊಡೆಯುವ ಮುನ್ನ ಪ್ರತಿ ಸಾಮಾನಿನ ಫೋಟೊ ತೆಗೆಯಬೇಕು. ಒರೆಸಿದ ಮೇಲೆ ಆ ಫೋಟೊ ನೋಡಿಕೊಂಡು, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಇದ್ದಲ್ಲೇ ಇಡಬೇಕು. ಒಂಟಿ ಬೂಟು, ಸವೆದ ಸೋಪು, ತುಕ್ಕು ಹಿಡಿದ ಬುತ್ತಿ ಡಬ್ಬಿ, ಯಾವುದನ್ನೂ ಅವಳು ಬಿಟ್ಟವಳಲ್ಲ. ಆದರೆ ಕದಲುವ ವಸ್ತುವಿಗೆ ಮಾತ್ರ ಫೋಟೊ ಎಂಬುದು ಅವಳೇ ಮಾಡಿದ ನಿಯಮ. ಹೊಸಬರು ಗೋಡೆಯತ್ತ ಕ್ಯಾಮೆರಾ ತಿರುಗಿಸಿದರೆ, "ಗೋಡೆ ಎದ್ದು ಓಡಿಹೋಗುತ್ತೇನ್ರೀ?" ಎಂದು ಗದರುತ್ತಿದ್ದಳು.

ಹನ್ನೊಂದನೇ ಮನೆ ಅವಳು ಹುಟ್ಟಿದ ಮನೆ. ಅಡುಗೆಮನೆಯ, ಗೋಣಿತಟ್ಟು ಬಿಗಿದು ಸುಣ್ಣ ಬಳಿದ ಗೋಡೆಗೆ ಅಪ್ಪ ಪ್ರತಿ ಹುಟ್ಟುಹಬ್ಬಕ್ಕೂ ಅವಳನ್ನು ಒರಗಿಸಿ ನಿಲ್ಲಿಸಿ, ಪೆನ್ಸಿಲಿನಲ್ಲಿ ಗೆರೆ ಎಳೆದು, ಸೊಟ್ಟ ಅಕ್ಷರದಲ್ಲಿ ‘ಮಫಿ’ ಎಂದು ಬರೆಯುತ್ತಿದ್ದ. ಕ್ರಿಸ್‌ಮಸ್‌ಗೆ ಗಣಿಯವರ ಹೆಂಡಂದಿರೆಲ್ಲ ಗೋಣಿಗೆ ಸುಣ್ಣ ಬಳಿಯುವಾಗ ಅಮ್ಮ ಆ ಒಂದು ಮೊಳ ಜಾಗ ಬಿಟ್ಟು ಬಳಿಯುತ್ತಿದ್ದಳು. ಒಟ್ಟು ಐದು ಗೆರೆ. ಆರನೆಯದು ಎಳೆಯುವ ಮೊದಲೇ ಗಣಿ ಕುಸಿದು ಅಪ್ಪ ಹೋದ. ಅವನ ಒಂದು ಭಾವಚಿತ್ರವಿಲ್ಲ, ಕಾಗದವಿಲ್ಲ, ಮುಖವೂ ಅವಳಿಗೆ ನೆನಪಿಲ್ಲ. ಅವಳ ಪಾಲಿಗೆ ಅಪ್ಪನೆಂದರೆ ಆ ಐದು ಗೆರೆ.

ಈ ಡಿಸೆಂಬರಿನ ಧೂಳು ಹೊಡೆಯುವ ದಿನ ಅವಳು ಆ ಮನೆಯ ಬಾಗಿಲು ದೂಡಿದಾಗ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಅಮ್ಮನ ಗೆಳತಿ, ಎಂಬತ್ತೊಂಬತ್ತರ ಅಸುಂತಾ, ಬಕೆಟ್ಟಿನ ಪಕ್ಕ ಬೆವರೊರೆಸಿಕೊಳ್ಳುತ್ತ ಕೂತಿದ್ದಳು. ಈಚೆಗೆ ಅವಳಿಗೆ ವರ್ಷಗಳು ಕಲಸಿಹೋಗಿವೆ.

"ಕ್ರಿಸ್‌ಮಸ್ ಬಂತಲ್ಲೇ ಮಫಿ! ಈ ಕೊಳಕು ಗೋಡೆ ನೋಡಿದ್ರೆ ನಿಮ್ಮಮ್ಮ ನನ್ನ ಸುಮ್ನೆ ಬಿಡ್ತಾಳಾ? ಬೆಳಗ್ಗೆಯಿಂದ ಮೂರು ಸಲ ಬಳ್ದಿದೀನಿ. ಏನೇನೋ ಗೀಚಿತ್ತು, ಉಜ್ಜಿ ಉಜ್ಜಿ ತೆಗ್ದೆ. ಹೇಗಿದೆ ಹೇಳೇ?"

"ಚೆನ್ನಾಗಿದೆ ಚಿಕ್ಕಮ್ಮ," ಎಂದಳು ಮಫಾಲ್ಡಾ. ಆ ಮುದುಕಿಯ ಮೇಲೆ ರೇಗುವುದಾದರೂ ಹೇಗೆ? ಮೈಯೆಲ್ಲ ಉರಿಯುತ್ತಿತ್ತು, ತನ್ನ ಮೇಲೇ.

ಸಮಿತಿಯ ಕೋಣೆಗೆ ಹೋಗಿ ಆ ಮನೆಯ ಇಪ್ಪತ್ತೆರಡು ವರ್ಷದ ಫೋಟೊಗಳನ್ನು ಮೇಜಿನ ಮೇಲೆ ಸುರಿದಳು. ಕೆಟಲ್ ಸ್ಪಷ್ಟ, ಕುರ್ಚಿ ಸ್ಪಷ್ಟ, ಅದರ ಮೊಳೆಗಳನ್ನೂ ಎಣಿಸಬಹುದು. ಹಿಂದಿನ ಗೋಡೆ ಮಾತ್ರ ಎಲ್ಲದರಲ್ಲೂ ಮಸುಕು. ಒಂದರಲ್ಲಿ ಕುರ್ಚಿಯ ಬೆನ್ನಿನ ಸಂದಿಯಲ್ಲಿ ಉಗುರಿನಷ್ಟು ಕಪ್ಪು ಕಂಡಿತು. ದೊಡ್ಡದು ಮಾಡಿ ನೋಡಿದಳು. ಗೆರೆಯೋ, ಗೋಣಿಯ ಹರಕೋ, ತಿಳಿಯಲಿಲ್ಲ. ಅಪ್ಪ ಎರಡನೇ ಸಲ ಸತ್ತ, ಈ ಸಲ ತನ್ನ ಕೈಯಿಂದಲೇ, ಅನ್ನಿಸಿತು.

ಅಷ್ಟರಲ್ಲಿ ಸಮಿತಿಯ ಕಾರ್ಯದರ್ಶಿ ಹ್ಯಾನ್ಲನ್ ಒರೆಸಿದ ಕೆಟಲ್ ಹಿಡಿದು ಬಂದ.

"ಹನ್ನೊಂದನೇ ಮನೇದು. ಇದರ ಹಿಡಿಕೆ ಯಾವ ಕಡೆಗಿತ್ತು ಮೇಡಂ? ಫೋಟೊ ಕೊಡ್ತೀರಾ?"

ಅವಳು ತಲೆಯೆತ್ತಲಿಲ್ಲ.

"ಎಲ್ಲಿ ಬೇಕಾದ್ರೂ ಇಡಪ್ಪ," ಎಂದಳು.