ಗಜ್ಜರಿ ಹಲ್ವಾ

ಲಂಡನ್ನಿನ ಹ್ಯಾರೋದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಅಕ್ಕ, ಲ್ಯಾಬಿನಲ್ಲಿ ಕೋಳಿಮೊಟ್ಟೆಯ ಚಿಪ್ಪಿಗೆ ಕಿಟಕಿ ಕೊರೆದು ಭ್ರೂಣದ ಹೃದಯ ಮೂಡುವುದನ್ನು ನೋಡುತ್ತಿದ್ದರು. ಮನೆಯಲ್ಲಿ ಮಾತ್ರ ಆಮ್ಲೆಟ್ಟಿಗೂ ಮೊಟ್ಟೆ ಒಡೆಯುತ್ತಿರಲಿಲ್ಲ. ಅದು ಗಂಡನ ಕೆಲಸ. ಏನು ಕೇಳಿದರೂ “ತಡಿ, ಹೇಳ್ತೇನಿ” ಎಂದೇ ಶುರು.

ಬಸುರಿಯಾದ ನನಗೆ ಏಳನೇ ತಿಂಗಳಲ್ಲಿ ಕುಬಸ ಮಾಡಿದ ದಿನ ಗಜ್ಜರಿ ಹಲ್ವಾ ಬಡಿಸುತ್ತಲೇ, ಹೃದಯದ ಕೋಣೆಗಳಿಗೆ ಜಾಗ ತೋರಿಸುವುದು ಕ್ಯಾರೆಟ್ಟಿನಿಂದ ಸಿಗುವ ಇದೇ ವಿಟಮಿನ್ ಎ, ಅದು ಹೆಚ್ಚಾದರೂ ಕಡಿಮೆಯಾದರೂ ಕೆಡುತ್ತದೆ ಎಂದು ವಿವರಿಸಿದ್ದರು.

ಹೃದಯ ಸರಿಯಾಗಿ ಕೂಡದೆ ನನ್ನ ಮಗು ಹೊಟ್ಟೆಯಲ್ಲೇ ಹೋಯಿತು.

“ಹಲ್ವಾ ಹೆಚ್ಚಾತೇನ್ರಿ, ಅಕ್ಕಾ?” ಎಂದೆ.

“ಇಲ್ಲವ್ವಾ. ಗಜ್ಜರಿ ಏನೂ ಮಾಡೂದಿಲ್ಲ. ಹೃದಯ ಕುಬಸಕ್ಕಿಂತ ಎಷ್ಟೋ ಮೊದ್ಲ ಆಗಿರ್ತದ.”

“ಮತ್ಯಾಕ ಹಿಂಗಾತ್ರಿ?”

“ತಡಿ, ಹೇಳ್ತೇನಿ” ಎಂದವರು, ಮೊಟ್ಟೆ ಹಿಡಿದಷ್ಟು ಹಗುರವಾಗಿ ನನ್ನ ಕೈ ಹಿಡಿದುಕೊಂಡು ಕೂತರು.