ಯಾವಾಗ ಬೇಕಾದರೂ ಬನ್ನಿ

ಆ ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯ ನೆಲದ ಮೇಲೆ, ಒಲೆಯ ಮರೆಯಲ್ಲಿ, ಬೋರಲಾಗಿ ಮಲಗಿದ್ದೆ. ಮೈಮೇಲೆ ಬನಿಯನ್ನು, ಕೈಯಲ್ಲಿ ಪ್ಯಾನ್‌ಕೇಕ್ ಮಗುಚುವ ಸಟ್ಟುಗ. ಹೆಂಡತಿ ರೋಂಡಾ ನನಗಿಂತ ಚುರುಕು. ಹೊರಗೆ ಹೆಜ್ಜೆಯ ಸಪ್ಪಳ ಕೇಳುತ್ತಲೇ ನೆಲಮಾಳಿಗೆಗೆ ಇಳಿದುಬಿಟ್ಟಿದ್ದಳು. ಯಾರೋ ಹಿತ್ತಿಲ ಬಾಗಿಲು ತಟ್ಟಿದರು. ನಾನು ಉಸಿರು ಬಿಗಿಹಿಡಿದೆ. ಆ ಬಾಗಿಲು ಗಾಜಿನದು ಎಂಬುದು, ವರ್ಷಾನುಗಟ್ಟಲೆ ಅದನ್ನು ಒರೆಸಿದವನಿಗೇ ಹೊಳೆಯಲಿಲ್ಲ. ತಲೆಯೆತ್ತಿದರೆ ವಿದೇಶಿ ವಿದ್ಯಾರ್ಥಿನಿ ಶಿಮೆನಾ ಗಾಜಿಗೆ ಮೂಗೊತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

ಎದ್ದು ಬಾಗಿಲು ತೆಗೆದೆ. "ಚಮಚ ಬಿದ್ದಿತ್ತು, ಹುಡುಕ್ತಿದ್ದೆ," ಎಂದೆ.

"ಸಿಕ್ತಾ ದೋನ್ ಡೇಲ್?" ಎಂದು, ನನ್ನ ಹೆಸರಿಗೆ ತನ್ನೂರಿನ ಮರ್ಯಾದೆಯ ದೋನ್ ಸೇರಿಸಿ ಕೇಳಿದವಳೇ ತಾನೂ ಮಂಡಿಯೂರಿ ಒಲೆಯ ಕೆಳಗೆ ಕೈಹಾಕಿದಳು. ಇಲ್ಲದ ಚಮಚವನ್ನು ಇಬ್ಬರೂ ಬಹಳ ಹೊತ್ತು ಹುಡುಕಿದೆವು. ಅಷ್ಟರಲ್ಲಿ ಕೆಳಗಡೆ ರೋಂಡಾ ಸೀನಿದಳು.

"ಕೆಳಗೆ ಯಾರೋ ಇದಾರೆ," ಎಂದಳು ಶಿಮೆನಾ.

"ಬಟ್ಟೆ ಒಗೆಯೋ ಮೆಷಿನ್ನು," ಎಂದೆ.

"ಪಾಪ, ಅದಕ್ಕೂ ನೆಗಡಿ," ಎಂದಳು.

ಇಷ್ಟಕ್ಕೆಲ್ಲ ಮೂಲ ನಾನೇ. ಅಯೋವಾದ ನಮ್ಮ ಸಣ್ಣ ಊರಿನ ವಿಶ್ವವಿದ್ಯಾಲಯದಲ್ಲಿ ನಾನು ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಗುಮಾಸ್ತ. ಆಗಸ್ಟಿನಲ್ಲಿ ಹೊಸಬರು ಬಂದಿಳಿದಾಗ ಸ್ವಾಗತದ ನಾಲ್ಕು ಮಾತು ಆಡುವುದು ನನ್ನ ಪಾಲಿನ ಕೆಲಸ. "ಈ ಊರಲ್ಲಿ ಯಾರ ಮನೆ ಬಾಗಿಲೂ ನಿಮಗೆ ಮುಚ್ಚಿರಲ್ಲ, ಯಾವಾಗ ಬೇಕಾದ್ರೂ ಬನ್ನಿ" ಎಂದು ಪ್ರತಿವರ್ಷ ಹೇಳುತ್ತೇನೆ. ಪ್ರತಿವರ್ಷ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಯಾರೂ ಬರುವುದಿಲ್ಲ, ಎಲ್ಲರಿಗೂ ಸಂತೋಷ. ಆ ವರ್ಷ ಉರುಗ್ವೆಯ ಪಾಯ್ಸಾಂಡೂ ಎಂಬ ಊರಿನಿಂದ, ಮಣ್ಣಿನ ವಿಜ್ಞಾನ ಓದಲು ಒಂದು ಸೆಮಿಸ್ಟರಿನ ಮಟ್ಟಿಗೆ ಬಂದ ಶಿಮೆನಾ ಒಲಿವೆರಾ ಮಾತ್ರ ಅದನ್ನು ನಂಬಿಬಿಟ್ಟಳು.

ಅವಳಪ್ಪ ಊರೊಳಗಿನ ಬಸ್ಸು ಓಡಿಸುವವನು. ಬಸ್ಸು ಹಾಯುವುದು ಅವರ ಮನೆ ಮುಂದೆಯೇ ಆದ್ದರಿಂದ ದಿನವಿಡೀ ಯಾರೋ ಒಬ್ಬರು ಇಳಿದು ಒಳಗೆ ಬಂದು ಕೂರುವುದು, ಇನ್ನೊಬ್ಬರು ಎದ್ದು ಹೋಗುವುದು ನಡೆದೇ ಇರುತ್ತಿತ್ತಂತೆ. ಇಬ್ಬರು ತಂಗಿಯರು, ಒಬ್ಬ ಸೋದರತ್ತೆ, ಎಲ್ಲರ ಜೊತೆ ಒಂದೇ ಕೋಣೆಯಲ್ಲಿ ಮಲಗಿ ಬೆಳೆದವಳು.

"ಹಾಸ್ಟೆಲಲ್ಲಿ ಕೂತ್ರೆ ಕಾಲು ತಾನಾಗೇ ಎದ್ದುಬಿಡುತ್ತೆ ದೋನ್ ಡೇಲ್," ಎನ್ನುತ್ತಿದ್ದಳು. "ರೂಮ್‌ಮೇಟು ಕಿವಿಗೆ ಸಿಗಿಸ್ಕೊಂಡ ಇಯರ್‌ಫೋನ್ ನಿದ್ದೇಲೂ ತೆಗ್ಯಲ್ಲ. ಕಿಟಕಿ ಹಾಕ್ಲಾ ಅಂತ ಕೇಳೋಕೂ ಅವ್ಳ ಫೋನಿಗೆ ಮೆಸೇಜ್ ಹಾಕ್ಬೇಕು. ನಮ್ಮಿಬ್ರ ಮಂಚದ ಮಧ್ಯೆ ಒಂದು ಮಾರು ದೂರ ಇಲ್ಲ."

ಹಾಗಾಗಿ ಪಾಠ ಮುಗಿದದ್ದೇ ತಡ, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಒಂದು ಸೋರೆಬುರುಡೆಯ ಲೋಟ ಹಿಡಿದು ಹೊರಟುಬಿಡುತ್ತಿದ್ದಳು. ನಮ್ಮೂರಲ್ಲಿ ಯಾರೂ ನಡೆಯುವುದಿಲ್ಲ. ನಡೆಯಲು ಫುಟ್‌ಪಾತೂ ಇಲ್ಲ. ಹೆದ್ದಾರಿಯ ಅಂಚಿನಲ್ಲಿ ಅವಳು ಸರಸರ ಹೋಗುತ್ತಿದ್ದರೆ ಕಾರುಗಳು ನಿಲ್ಲುತ್ತಿದ್ದವು.

"ಕಾರು ಕೆಟ್ಟೋಯ್ತೇನಮ್ಮಾ?"

"ಕಾರಿಲ್ಲ."

"ಛೆ, ಯಾವಾಗ ಹೋಯ್ತು?" ಎಂದು ಸಾವಿನ ಮನೆಯಲ್ಲಿ ಕೇಳುವ ದನಿಯಲ್ಲಿ ಕೇಳುತ್ತಿದ್ದರು.

ಮನೆಗೆ ಬಂದ ಮೇಲೂ ಕೂರುವ ಪೈಕಿಯಲ್ಲ. ಅಡುಗೆಮನೆಯಲ್ಲಿ ಸುತ್ತುತ್ತಲೇ ಮಾತು. ಸುತ್ತುತ್ತ ಸುತ್ತುತ್ತ ನಮ್ಮ ಪಾತ್ರೆ ತೊಳೆದಳು, ಗಿಡಕ್ಕೆ ನೀರು ಹಾಕಿದಳು, ನಾನು ಮೂರು ವರ್ಷದಿಂದ ನಾಳೆ ನಾಡಿದ್ದು ಎನ್ನುತ್ತಿದ್ದ ಸೋರುವ ನಲ್ಲಿಯನ್ನು ಬಿಗಿದಳು. ಆಮೇಲೆ ಆ ಬುರುಡೆಗೆ ಹಸಿರು ಸೊಪ್ಪಿನ ಪುಡಿ ಹಾಕಿ, ಬಿಸಿನೀರು ಸುರಿದು, ಒಂದೇ ಒಂದು ಲೋಹದ ಕೊಳವೆ ಸಿಗಿಸಿ, ಆ ಕಹಿ ಕಷಾಯವನ್ನು ತಾನೊಂದು ಸಲ ಹೀರಿ ನಮಗೆ ಕೊಡುತ್ತಿದ್ದಳು. ಕೊಳವೆ ಒಂದೇ, ಬಾಯಿ ಎಷ್ಟಾದರೂ ಇರಲಿ. ನಮ್ಮವರೋ, ಕಡಿದ ಚಿಪ್ಸನ್ನು ಚಟ್ನಿಯ ಬಟ್ಟಲಿಗೆ ಎರಡನೇ ಸಲ ಅದ್ದಿದವನ ಹೆಸರನ್ನು ಅವನ ಮಕ್ಕಳ ಮದುವೆಯವರೆಗೂ ನೆನಪಿಡುವ ಜನ.

ಅಕ್ಟೋಬರಿನ ಹೊತ್ತಿಗೆ ಊರು ಒಂದು ಏರ್ಪಾಡು ಮಾಡಿಕೊಂಡಿತ್ತು. ಸುಂಟರಗಾಳಿ ಬಂದರೆ ಒಬ್ಬರಿಗೊಬ್ಬರು ಎಚ್ಚರಿಸಲು ನಮ್ಮ ಬೀದಿಯವರದೊಂದು ಫೋನ್ ಗುಂಪಿದೆ. ಪಕ್ಕದ ಮನೆಯ ಕರ್ಟ್ ಅದರಲ್ಲಿ, "ಚರ್ಚ್ ದಾಟಿದಳು, ನಿಮ್ಮ ಕಡೆಗೇ" ಎಂದು ಬರೆಯುತ್ತಿದ್ದ. ಒಂದೊಂದೇ ಮನೆಯ ದೀಪ ಆರುತ್ತಿತ್ತು. ಸುಂಟರಗಾಳಿಗೆಂದು ಕಟ್ಟಿಸಿದ ನೆಲಮಾಳಿಗೆಗಳು ಆ ವರ್ಷ ಚೆನ್ನಾಗಿಯೇ ಉಪಯೋಗಕ್ಕೆ ಬಂದವು.

ಅಷ್ಟರಲ್ಲಿ ಮನೆಮಂದಿಯೆಲ್ಲ ಸೇರಿ ಉಣ್ಣುವ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಹತ್ತಿರವಾಯಿತು. ಹಬ್ಬಕ್ಕೆ ಬುಧವಾರ ಮಧ್ಯಾಹ್ನ ಹಾಸ್ಟೆಲಿಗೆ ಬೀಗ ಬಿದ್ದರೆ ತೆಗೆಯುವುದು ಭಾನುವಾರವೇ. ಊರಿಗೆ ಹೋಗಲಾಗದವರಿಗೆ ಒಂದು ಮನೆ ಹೊಂದಿಸಿಕೊಡುವುದು ನನ್ನ ಕೆಲಸ. ಎಲ್ಲರಿಗೂ ಮನೆ ಸಿಕ್ಕಿತು, ಶಿಮೆನಾ ಉಳಿದಳು. ಹಬ್ಬಕ್ಕೆ ಎರಡು ವಾರವಿರುವಾಗ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು.

"ದೋನ್ ಡೇಲ್, ಮನೇಲಿ ಜನ ಇರೋವಾಗ್ಲೇ ದೀಪ ಆರ್ಸೋದು ನಿಮ್ಮಲ್ಲಿ ಪದ್ಧತೀನಾ?"

"ಕರೆಂಟ್ ಉಳಿಸ್ತಾರೆ."

"ನಾನು ಮೆಟ್ಲು ಹತ್ತೋವಾಗ್ಲೇ ಉಳಿಸ್ತಾರೆ." ಅವಳು ಕಿಟಕಿಯ ತನಕ ಹೋಗಿ ವಾಪಸು ಬಂದಳು. "ನಾನು ಊರಿಗೆ ಹೊರಟೆ. ಬೀಗ ಹಾಕೋ ದಿನ ಮಧ್ಯಾಹ್ನದ ಬಸ್ಸಿಗೆ ಚಿಕಾಗೋ. ಅಲ್ಲಿಂದ ವಿಮಾನ."

"ಡಿಸೆಂಬರ್ ಪರೀಕ್ಷೆ?"

"ಬರ್ಯಲ್ಲ."

"ಹುಚ್ಚಾ ನಿಂಗೆ? ಇಡೀ ಸೆಮಿಸ್ಟರ್ ನೀರಿಗೆ ಹೋಗುತ್ತೆ. ಅಲ್ಲಿ ಮತ್ತೆ ಮೊದ್ಲಿಂದ ಓದ್ಬೇಕಾಗುತ್ತೆ."

"ಓದ್ತೀನಿ. ಅಲ್ಲಾದ್ರೆ ಓದು ಕೆಡ್ಸೋಕಾದ್ರೂ ಯಾರಾದ್ರೂ ಬರ್ತಾರೆ."

"ಹಬ್ಬಕ್ಕೆ ಯಾರಾದ್ರೂ ಮನೆಗೆ ಕರೆದ್ರೆ ಇರ್ತೀಯಾ?"

"ಎಲ್ರೂ ಕರ್ದಿದಾರಲ್ಲ," ಎಂದು ಹೊರಟುಹೋದಳು.

ನಾನು ಊರೆಲ್ಲ ಫೋನು ಮಾಡಿದೆ. ಕರ್ಟ್‌ಗೆ ಬೀಗರು ಬರುವವರಿದ್ದರು. ಇನ್ನೊಬ್ಬರ ಮನೆಯಲ್ಲಿ ನಾಯಿಗೆ ಆಪರೇಶನ್ನು. "ನಿಮ್ಮನೇಲೇ ಇಟ್ಕೋಬಹುದಲ್ಲ?" ಎಂದು ಕರ್ಟ್ ಕೇಳಿದ. ಅದನ್ನೇ ರೋಂಡಾಳಿಗೆ ಹೇಳಿದೆ.

"ಅಮ್ಮ ಬರ್ತಿದಾಳೆ. ಇರೋದೊಂದೇ ಹೆಚ್ಚಿನ ಹಾಸಿಗೆ," ಎಂದಳು. ಮಾತು ಅಲ್ಲಿಗೆ ನಿಂತಿತು.

ಅಂದಿನಿಂದ ಶಿಮೆನಾ ಯಾರ ಮನೆಗೂ ಬರಲಿಲ್ಲ. ನೆಮ್ಮದಿಯಾಗಬೇಕಿತ್ತು. ಆಗಿದ್ದೇ ಬೇರೆ. ಹೊರಗೆ ಒಣಗಿದೆಲೆ ಸರಿದಾಡಿದರೂ ನಾನು ಓಡಿ ದೀಪ ಆರಿಸುತ್ತಿದ್ದೆ, ಯಾರೂ ತಟ್ಟುತ್ತಿರಲಿಲ್ಲ, ಮತ್ತೆ ಹಚ್ಚುತ್ತಿದ್ದೆ. ಊಟಕ್ಕೆ ಕೂತರೆ ರೋಂಡಾ ಎರಡು ತುತ್ತಿಗೊಮ್ಮೆ ಎದ್ದು ಪರದೆ ಸರಿಸಿ ನೋಡುವಳು. ಕರ್ಟ್ ಗುಂಪಿನಲ್ಲಿ "ಯಾರಿಗಾದರೂ ಕಂಡಳಾ?" ಎಂದು ಕೇಳಿದ. ಯಾರೂ ಉತ್ತರ ಬರೆಯಲಿಲ್ಲ, ಆದರೆ ಎಲ್ಲರೂ ಓದಿದ್ದರು.

ಹಬ್ಬದ ಹಿಂದಿನ ಮಂಗಳವಾರ ಸಂಜೆ ನಾನು ಮತ್ತೊಮ್ಮೆ ದೀಪ ಆರಿಸಿದಾಗ ಕತ್ತಲಲ್ಲಿ ರೋಂಡಾಳ ದನಿ ಬಂತು. "ಡೇಲ್, ಬರದೇ ಇರೋಳಿಗೆ ಹೆದರಿ ಎಷ್ಟು ದಿನ ಕತ್ತಲಲ್ಲಿ ಕೂರ್ತೀಯ?"

"ನೀನೂ ಕೂತಿದೀಯಲ್ಲ."

"ಅದಕ್ಕೇ ಹೇಳ್ತಿರೋದು." ಕುರ್ಚಿ ಸರಿದ ಸದ್ದಾಯಿತು. "ಅಮ್ಮ ನನ್ನ ಜೊತೆ ಮಲಗ್ತಾಳೆ. ನೀನು ಸೋಫಾ. ಆ ಹೆಚ್ಚಿನ ಹಾಸಿಗೆ ಅವ್ಳಿಗೆ."

"ನಂಗೆ ಸೊಂಟ ನೋವು."

"ಗೊತ್ತು," ಎಂದು ದೀಪ ಹಚ್ಚಿದಳು.

ಬುಧವಾರ ಹಾಸ್ಟೆಲಿಗೆ ಬೀಗ ಹಾಕುವ ಹೊತ್ತಿಗೆ ನಾವಿಬ್ಬರೂ ಹೋದೆವು. ಬಸ್ಸು ಬರಲು ಇನ್ನೂ ಸ್ವಲ್ಪ ಸಮಯವಿತ್ತು. ಶಿಮೆನಾ ಮೆಟ್ಟಿಲ ಮೇಲೆ ಸೂಟ್‌ಕೇಸಿನ ಪಕ್ಕ ಕೂತಿದ್ದಳು. ಅವಳು ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾಲು ಕೂಡ ಅಲುಗುತ್ತಿರಲಿಲ್ಲ. ಭಾಷಣದ ಗುಮಾಸ್ತ ಕಾರಿನ ಬಾಗಿಲು ಹಿಡಿದೇ ನಿಂತೆ.

ರೋಂಡಾ ಮುಂದೆ ಹೋದಳು. "ಬಾಯಿಮಾತಿಗೆ ಕರೀತಿಲ್ಲ ಕಣಮ್ಮಾ. ಇವತ್ತೇ, ಈಗ್ಲೇ. ಕಾರಲ್ಲಿ ಜಾಗ ಮಾಡಿದೀವಿ. ಭಾನುವಾರದವರೆಗೂ ನಮ್ಮನೇಲೇ ಇರು, ಪರೀಕ್ಷೆ ಬರ್ದು ಮುಗ್ಸಿ ಹೋಗು. ಬರ್ತೀಯಾ?"

ಶಿಮೆನಾ ಮೊದಲು ಅವಳನ್ನು, ಆಮೇಲೆ ನನ್ನನ್ನು ನೋಡಿದಳು. ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ನೀವಿಬ್ರೂ ಮನೇಲಿ ಇರ್ತೀರಾ?" ಎಂದಳು.