ಮೂವತ್ತೊಂದನೆಯ ಕಾಲು

ನಾಗಸಂದ್ರ ಮೆಟ್ರೋ ನಿಲ್ದಾಣದ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಯಿಂದ ಬೆಸುಗೆಯ ಹೊಗೆ ತೇಲಿ ಬಂತು. ಕಾದ ರಾಳದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ತೊಂಬತ್ತರ ದಶಕದ ಪೀಣ್ಯದಲ್ಲಿದ್ದೆ. ಎದುರಿಗೆ ನಮ್ಮ ಮೇಡಂ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೆಂಪು ಪೆನ್ಸಿಲ್...

ಹುಬ್ಬಳ್ಳಿ ಕಡೆಯವರು. ನಾನು ಮೊದಲು ಸೇರಿದ ಆ ಸಣ್ಣ ಕಾರ್ಖಾನೆಯಲ್ಲಿ ಡಿಸೈನ್ ವಿಭಾಗವೆಂದರೆ ಅವರು, ನಾನು ಮತ್ತು ಸದಾ ಗೊರಗುಟ್ಟುವ ಒಂದು ಕಂಪ್ಯೂಟರ್. ಬೇರೆಯವರ ನಕ್ಷೆಗೆ ತಕ್ಕಂತೆ ಎಲೆಕ್ಟ್ರಾನಿಕ್ ಬೋರ್ಡ್ ಜೋಡಿಸಿಕೊಡುವುದೇ ಅಲ್ಲಿನ ಕಸುಬು. ಮಿಲ್ಲೊಂದರಲ್ಲಿ ನೂಲಿಗೆ ಬಣ್ಣ ಹಾಕುವ ಯಂತ್ರದ ಬಿಸಿಯನ್ನು ಹತೋಟಿಯಲ್ಲಿಡುವ ಬೋರ್ಡನ್ನು ನಾವೇ ನಕ್ಷೆ ಬರೆದು ಮಾಡೋಣವೆಂದು ಮೇಡಂ ಯಜಮಾನರನ್ನು ಕಾಡಿ ಬೇಡಿ ಒಪ್ಪಿಸಿದ್ದರು. ಇದು ಕೈಕೊಟ್ಟರೆ ಡಿಸೈನ್ ವಿಭಾಗಕ್ಕೆ ಬೀಗವೆಂದು ಯಜಮಾನರು ಮೊದಲೇ ಹೇಳಿಬಿಟ್ಟಿದ್ದರು.

ಮೇಡಂ ಅವರದ್ದೊಂದು ಪದ್ಧತಿಯಿತ್ತು. ನಕ್ಷೆ ಬೋರ್ಡ್ ತಯಾರಿಸುವವರ ಕೈಗೆ ಹೋಗುವ ಮುನ್ನ ಮುಖ್ಯ ಚಿಪ್ಪಿನ ನಲವತ್ತು ಕಾಲುಗಳನ್ನೂ, ಅಂದರೆ ಪಿನ್ನುಗಳನ್ನೂ, ಗಟ್ಟಿಯಾಗಿ ಓದಬೇಕು. ಒಬ್ಬರು ಚಿಪ್ಪಿನ ಪುಸ್ತಕ ನೋಡಿ ಆ ಕಾಲು ಎಲ್ಲಿಗೆ ಸೇರಬೇಕೆಂದು ಹೇಳುವುದು, ಇನ್ನೊಬ್ಬರು ನಕ್ಷೆಯ ಗೆರೆಯ ಮೇಲೆ ಪೆನ್ಸಿಲ್ ಓಡಿಸಿ ಅದು ನಿಜಕ್ಕೂ ಎಲ್ಲಿ ಸೇರಿದೆಯೆಂದು ಕೂಗುವುದು. ಹೆತ್ತವರಿಗೆ ಹೆಗ್ಗಣ ಮುದ್ದು, ಆದ್ದರಿಂದ ನಕ್ಷೆ ಬರೆದವರು ಪೆನ್ಸಿಲ್ ಮುಟ್ಟುವಂತಿಲ್ಲ. ನಡುವೆ 'ಗೊತ್ತು ಬಿಡಿ' ಎಂದವರು ಮತ್ತೆ ಒಂದರಿಂದ ಶುರು ಮಾಡಬೇಕು.

ಆ ದಿನ ನಕ್ಷೆ ಒಯ್ಯಲು ಯಜಮಾನರೇ ಬಂದರು.

"ಕೊಡಿ ಮೇಡಂ, ಲೇಟಾಯ್ತು. ಸ್ಕೂಟರ್ ಸ್ಟಾರ್ಟಲ್ಲೇ ಇದೆ."

"ಕಾಲು ಓದೂದು ಆಗಿಲ್ರಿ ಸಾಹೇಬ್ರ. ಈ ತಂಗಿ ನನ್ನ ಜೋಡಿ ಕೂತು ಬರದಾಳ, ಅಕಿಗೆ ಪೆನ್ಸಿಲ್ ಕೊಡಂಗಿಲ್ಲ. ನೀವ ಕುಂಡ್ರಿ."

ಯಜಮಾನರು ಸ್ಕೂಟರ್ ಆರಿಸಿ ಬಂದು, ಗೊಣಗುತ್ತ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲ್ ಹಿಡಿದು ಕುಳಿತರು. ಓದು ಅರ್ಧಕ್ಕೆ ಬಂದಾಗ "ಗೊತ್ತಾಯ್ತು ಬಿಡಿ, ಎಲ್ಲಾ ಸರಿಯಿದೆ" ಎಂದುಬಿಟ್ಟರು.

"ಮತ್ತ ಒಂದರಿಂದ್ರಿ," ಎಂದರು ಮೇಡಂ. ನಾನು ನಗು ನುಂಗಲು ಕಿಟಕಿಯ ಕಡೆ ತಿರುಗಿದೆ.

ಎರಡನೆಯ ಸುತ್ತು ಸಾಗಿತು. "ಮೂವತ್ತೊಂದು. ಐದು ವೋಲ್ಟಿಗೆ," ಎಂದರು ಮೇಡಂ. ಪೆನ್ಸಿಲ್ ಅಲುಗಲಿಲ್ಲ.

"ಎಲ್ಲಿಗೂ ಹೋಗಿಲ್ವಲ್ಲ ಮೇಡಂ ಇದು! ಗೆರೆನೇ ಇಲ್ಲ ಇಲ್ಲಿ!"

ಪ್ರೋಗ್ರಾಂ ತನ್ನೊಳಗಿದೆಯೋ ಹೊರಗಿದೆಯೋ ಎಂದು ಚಿಪ್ಪಿಗೆ ತಿಳಿಯುವುದೇ ಆ ಕಾಲಿನಿಂದ. ಅದನ್ನು ಹಾಗೇ ಬಿಟ್ಟಿದ್ದರೆ ಯಂತ್ರ ಒಮ್ಮೆ ನಡೆದು ಒಮ್ಮೆ ಕೆಟ್ಟು ನಮ್ಮ ಮಾನ ಹರಾಜಾಗುತ್ತಿತ್ತು. ಮೇಡಂ ಮುಖ ಬಾಡೀತು ಅಂದುಕೊಂಡೆ. ಅವರು ಚಪ್ಪಾಳೆ ತಟ್ಟಿದರು! "ಸಿಕ್ತು ನೋಡ್ರಿ! ನನ್ನ ತಪ್ಪು ಸಾಹೇಬ್ರು ಹಿಡದ್ರು!" ತನ್ನ ತಪ್ಪು ಸಿಕ್ಕಿದ್ದಕ್ಕೆ ಹಾಗೆ ಹಿಗ್ಗಿದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಯಜಮಾನರಂತೂ ಕುರ್ಚಿ ಬಿಟ್ಟೇಳಲೊಲ್ಲರು. ಉಳಿದ ಕಾಲುಗಳನ್ನೆಲ್ಲ ಕಾರ್ಖಾನೆಗೇ ಕೇಳುವಂತೆ ಕೂಗಿ ಮುಗಿಸಿದರು.

ಗೆರೆ ಎಳೆದು ಸರಿಪಡಿಸಿದ ಬೋರ್ಡು ತಯಾರಾಗಿ ಬಂತು. ಮಿಲ್ಲಿನಲ್ಲಿ ಸ್ವಿಚ್ ಒತ್ತಿದಾಗ ಕೆಂಪು ಅಂಕಿಗಳು ಹೊತ್ತಿಕೊಂಡವು, ಬಿಸಿ ಮೆಲ್ಲಗೆ ಏರಿ ನಾವು ಹೇಳಿದಲ್ಲೇ ನಿಂತಿತು. ಮೊದಲ ಏಟಿಗೇ! ಮೇಡಂ ನನ್ನ ಕೈಯನ್ನು ನೋಯುವಷ್ಟು ಅದುಮಿ ಹಿಡಿದಿದ್ದರು. ಬೀಗದ ಮಾತೆತ್ತಿದ್ದ ಯಜಮಾನರು ನಮ್ಮ ವಿಭಾಗಕ್ಕೆ ಇನ್ನೊಂದು ಕಂಪ್ಯೂಟರ್ ತರಿಸಿದರು. ಆಮೇಲೆ ಯಾವ ನಕ್ಷೆಗೂ ತಾವೇ ಪೆನ್ಸಿಲ್ ಹಿಡಿಯಬೇಕೆಂದು ಹಟ ಬೇರೆ...

ಈಗ ಬಿಟ್ಟುಹೋದ ಗೆರೆಗಳನ್ನು ಕಂಪ್ಯೂಟರೇ ಹುಡುಕುತ್ತದೆ. ಆದರೂ ನಾನು ನಡೆಸುವ ವಿಭಾಗದಲ್ಲಿ ಕಾಲುಗಳನ್ನು ಗಟ್ಟಿಯಾಗಿಯೇ ಓದುತ್ತೇವೆ. ಮೊನ್ನೆ ನನ್ನದೇ ನಕ್ಷೆಯಲ್ಲಿ ಸಹೋದ್ಯೋಗಿಯೊಬ್ಬಳು ದೊಡ್ಡ ತಪ್ಪೊಂದನ್ನು ಹಿಡಿದಳು. ನಾನು ಚಪ್ಪಾಳೆ ತಟ್ಟಿದೆ, ಎಲ್ಲರೂ ಇವರಿಗೇನಾಯಿತೆಂದು ನೋಡಿದರು. ಖುಷಿ ತಡೆಯಲಾರದೆ ಮೇಡಂಗೆ ಹೇಳೋಣವೆಂದು ಫೋನ್ ಕೈಗೆತ್ತಿಕೊಂಡೆ. ಅವರು ತೀರಿಹೋಗಿ ಕೆಲವು ವರ್ಷಗಳೇ ಆದವು ಎಂಬುದು ಆಮೇಲೆ ನೆನಪಾಯಿತು.